ಟವೆಲ್ಲಿನ ಕೆಳಗೆ ಕೊಂಡ ಮನೆ

ದೇವೇಂದ್ರಪ್ಪ ತೀರಿಕೊಂಡು ಎರಡು ವಾರವಾಗಿತ್ತು. ಚಂದ್ರಾ ಲೇಔಟಿನ ಅವನ ರೊಟ್ಟಿ ಅಂಗಡಿ ಅಂದೇ ಮತ್ತೆ ಬಾಗಿಲು ತೆರೆದಿತ್ತು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ದುರ್ಗವ್ವ ಕೈ ನಿಲ್ಲಿಸದೆಯೇ ಕೇಳಿದಳು:

"ಅಕ್ಕಾರ, ಅಣ್ಣಾರು ನನಗ ಮೂರನೇ ಖೋಲಿ ಅಂತ ಹೇಳಿದ್ರು. ಅದು ಹಂಗ ಇರತೈತಿ ಅಲ್ರಿ?"

ದೇವೇಂದ್ರಪ್ಪನ ಹೆಂಡತಿ ಗುರುದೇವಿ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಿದಳು. "ಯಾವ ಖೋಲಿ?"

"ಮನಿದು ರೀ. ಊರಾಗ ತಗೊಂಡಾರಲ್ಲ, ದೊಡ್ಡ ಮನಿ."

"ಯಾರು ತಗೊಂಡಾರ?"

ದುರ್ಗವ್ವನ ಕೈ ಆಗ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಉಬ್ಬಿ, ಕಪ್ಪಾಗಿ, ಹೊಗೆಯಾಡಿತು. ಯಾರೂ ತಿರುವಿ ಹಾಕಲಿಲ್ಲ. ಗುರುದೇವಿ ಬೆಂಚಿನ ಮೇಲೆ ಕೂತಿದ್ದ ಗಂಡನ ಗೆಳೆಯ ದೊಡ್ಡಣ್ಣನ ಕಡೆ ನೋಡಿದಳು. ಗಂಡ ಅವಳಿಗೆ ಹೇಳದ ಮಾತನ್ನು ಈ ಮನುಷ್ಯನಿಗೆ ಹೇಳಿಯೇ ಇರುತ್ತಾನೆ ಎಂಬ ನಂಬಿಕೆ ಆ ನೋಟದಲ್ಲಿತ್ತು. ದೊಡ್ಡಣ್ಣ ಇಲ್ಲವೆಂದು ತಲೆಯಾಡಿಸಿದ. ಅವನಿಗೂ ಆಗಲೇ ಗೊತ್ತಾದದ್ದು.

ಇಬ್ಬರ ಗೆಳೆತನಕ್ಕೆ ಹತ್ತೊಂಬತ್ತು ವರ್ಷ. ದೊಡ್ಡಣ್ಣ ಬಿನ್ನಿಪೇಟೆಯವನು, ಗಿರಣಿ ಕಾರ್ಮಿಕನ ಮಗ, ರಾಜಾಜಿನಗರದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ. ಅಪ್ಪ ದುಡಿದ ಗಿರಣಿಯ ಶೆಡ್ಡುಗಳನ್ನು ಕೆಡವುತ್ತಿದ್ದಾಗ ಅವನು ದಿನಾ ಸಂಜೆ ಹೋಗಿ ಬೇಲಿಯಾಚೆ ನಿಂತು ನೋಡುತ್ತಿದ್ದ. ಒಳಗೆ ಇಟ್ಟಿಗೆ ಹೊರುತ್ತಿದ್ದ ಒಬ್ಬ ಗಟ್ಟಿಮುಟ್ಟಾದ ಆಳು ಅವನನ್ನು ಕಂಡಾಗಲೆಲ್ಲ ಬಾಯಲ್ಲಿದ್ದ ತಂಬಾಕನ್ನು ಗಬಕ್ಕನೆ ನುಂಗಿಬಿಡುತ್ತಿದ್ದ. ಐದಾರು ದಿನ ಹೀಗೇ ಆದ ಮೇಲೆ ಆಸಾಮಿ ಬೇಲಿಯ ಹತ್ತಿರ ಬಂದ.

"ಸಾಹೇಬ್ರ, ನೀವು ಬರೂ ಟೈಮ್ ಒಂದೀಟು ಹೇಳಿಬಿಡ್ರಿ. ಹೊಟ್ಯಾಗ ಉರೀತೈತಿ."

"ನಾನು ಸಾಹೇಬ ಅಲ್ಲಪ್ಪ. ಸುಮ್ನೆ ನೋಡಕ್ಕೆ ಬರ್ತೀನಿ."

"ಕೆಡವೂದು ನೋಡಾಕ ಬರ್ತೀರಾ? ಬ್ಯಾರೆ ಉದ್ಯೋಗ ಇಲ್ಲೇನು?"

ಅಲ್ಲಿಂದ ಶುರು. ಗದಗದ ಆಚೆ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ನರೇಬಾಳವೆಂಬ ಸಣ್ಣ ಪೇಟೆಯ ಹತ್ತಿರದ ಹಳ್ಳಿಯಿಂದ ಬಂದವನು ದೇವೇಂದ್ರಪ್ಪ. ಇಟ್ಟಿಗೆ ಹೊತ್ತ, ಕೆಂಗೇರಿಯಲ್ಲಿ ಅಪಾರ್ಟ್‌ಮೆಂಟುಗಳಿಗೆ ಕಾವಲಿದ್ದ, ಕಡೆಗೆ ಹೆಂಡತಿಯ ಕೈಗುಣ ನೆಚ್ಚಿ ಈ ರೊಟ್ಟಿ ಅಂಗಡಿ ಹಾಕಿದ. ಸುಂಕದಕಟ್ಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಬ್ಬಳೇ ಮಗಳು ಸ್ಪಂದನ, ನರ್ಸಿಂಗ್ ಓದುತ್ತಿದ್ದಾಳೆ. ಊರ ಕಡೆಯಿಂದ ಯಾರು ರೈಲಿಳಿದರೂ ಮೊದಲ ಊಟ ಅವನ ಅಂಗಡಿಯಲ್ಲಿ. ಕೆಲಸ ಕೊಡಿಸುತ್ತಿದ್ದ, ರೂಮು ಹುಡುಕಿಕೊಡುತ್ತಿದ್ದ. ಅಷ್ಟೇ ಆಗಿದ್ದರೆ ಸರಿ. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಚಾಳಿಯೂ ಇತ್ತು. "ನಿಮ್ಮ ಗೆಳ್ಯಾಗ ಇಲ್ಲ ಅನ್ನಾಕ ನಾಲಿಗಿನ ಹೊಳ್ಳಂಗಿಲ್ಲ" ಎಂದು ಗುರುದೇವಿ ಆಗಾಗ ಬೈಯುತ್ತಿದ್ದಳು. ಎರಡು ವಾರದ ಹಿಂದೆ ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಮೆಟ್ಟಿಲ ಮೇಲೆ ಕೂತವನು ಗೋಡೆಗೆ ಒರಗಿದ. ನಿದ್ದೆ ಎಂದುಕೊಂಡರು. ಐವತ್ತೊಂದು ವರ್ಷ.

ದುರ್ಗವ್ವ ಬಾಯಿ ಬಿಟ್ಟ ದಿನವೇ ದೇವೇಂದ್ರಪ್ಪನ ಸ್ಕೂಟರಿನ ಸೀಟಿನಡಿ ಕಾಗದ ಸಿಕ್ಕಿತು. ಹುಡುಕಿದವನು ವೀರೇಶ, ಮನೆಮನೆಗೆ ಊಟ ತಲುಪಿಸುವ ಕೆಲಸದವನು, ಮಧ್ಯೆ ಹಸಿವಾದಾಗ ಇಲ್ಲೇ ತಿನ್ನುವವನು. ಕಾಗದ ಕ್ರಯದ ಕರಾರು. ನರೇಬಾಳದಲ್ಲಿ ಹದಿನಾರು ಅಂಕಣದ ಮನೆ, ಏಳು ಕೋಣೆ, ಹಿತ್ತಲಲ್ಲಿ ಬಾವಿ, ದನದ ಕೊಟ್ಟಿಗೆ. ಮುಂಗಡ ಕೊಟ್ಟಾಗಿದೆ. ದೇವೇಂದ್ರಪ್ಪ ಊರಲ್ಲಿ ತನ್ನ ಪಾಲಿನ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟು ಪಡೆದ ಹಣವದು. ಆ ಹಣ ಸ್ಪಂದನಳ ಹೆಸರಲ್ಲಿ ಬ್ಯಾಂಕಿನಲ್ಲಿದೆ ಎಂದು ಗುರುದೇವಿ ತಿಳಿದಿದ್ದಳು. ನೋಂದಣಿಗೆ ಇನ್ನು ಹತ್ತು ದಿನ.

"ಏಳು ಖೋಲಿ" ಎಂದಳು ಗುರುದೇವಿ. "ನಾವು ಮೂರು ಮಂದಿ. ಈಗ ಎರಡು."

ವೀರೇಶ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತಿದ್ದ. "ಆಂಟಿ, ಬೇಜಾರಾಗ್ಬೇಡಿ. ಅಂಕಲ್ ನಂಗೂ ಒಂದು ರೂಮ್ ಕೊಟ್ಟವ್ರೆ. ಐದನೇದು."

"ಯಾವಾಗ ಕೊಟ್ರು?"

"ಲಾಸ್ಟ್ ತಿಂಗ್ಳು. ಕೈ ಮೇಲೆ ಟವೆಲ್ ಹಾಕಿ ಐದು ಬೆರಳು ಹಿಡಿದ್ರು. ಯಾರಿಗೂ ಹೇಳ್ಬೇಡ ಅಂದ್ರು. ನಾನು ತಮಾಷೆ ಅಂದ್ಕೊಂಡೆ."

ದೊಡ್ಡಣ್ಣನಿಗೆ ತಲೆಬುಡ ಗೊತ್ತಾಗಲಿಲ್ಲ. ಟವೆಲ್ ಯಾಕೆ? ಬಿಡಿಸಿ ಹೇಳಿದ್ದು ದುರ್ಗವ್ವ. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದು. ಇಬ್ಬರ ಕೈಮೇಲೆ ಟವೆಲ್ ಹೊದಿಸಿ ಒಳಗೇ ಬೆರಳು ಹಿಡಿದು ಲೆಕ್ಕ ಮಾತಾಡುತ್ತಾರೆ. ಮುಷ್ಟಿ ತುಂಬ ಹಿಡಿದರೆ ಒಪ್ಪಿಗೆ, ಕೈ ಹಿಂದೆ ಎಳೆದರೆ ವ್ಯಾಪಾರ ಮುರಿದಂತೆ. ದೇವೇಂದ್ರಪ್ಪ ಒಂದು ಮನೆಯ ಕೋಣೆಗಳನ್ನು ಹೀಗೆ, ಒಬ್ಬರಿಗೊಬ್ಬರಿಗೆ ಗೊತ್ತಾಗದಂತೆ, ಹಂಚುತ್ತ ಬಂದಿದ್ದ.

ಮುಂದಿನ ಮೂರು ದಿನ ಜನ ಬರುತ್ತಲೇ ಇದ್ದರು. ಸುಮ್ಮನೆ ಮಾತಾಡಿಸಲು ಬಂದಂತೆ ಬಂದು, ನೀರು ಕುಡಿದು, ಸತ್ತವನ ಗುಣಗಾನ ಮಾಡಿ, ಏಳುವಾಗ ಬಾಗಿಲ ಹತ್ತಿರ ತಿರುಗಿ ಕೋಣೆಯ ಸುದ್ದಿ ಎತ್ತುತ್ತಿದ್ದರು. ಹಪ್ಪಳ ಮಾರುವ ಶಿವಕ್ಕನಿಗೆ ಒಂದನೆಯದು, ಬಾವಿಯ ಹತ್ತಿರದ್ದು. ಕಾವಲುಗಾರ ಅಮರೇಶನಿಗೆ ಮೂರನೆಯದು. ದೊಡ್ಡಣ್ಣ ಹಳೆಯ ಕರಡಿನ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದ. ಏಳು ಕೋಣೆಗೆ ಒಂಬತ್ತು ಜನ.

"ಮೂರು ನಂದು" ಎಂದಳು ದುರ್ಗವ್ವ.

"ನನಗ ದೀಪಾವಳಿಗಿಂತ ಮುಂಚೆ ಹೇಳ್ಯಾರ" ಎಂದ ಅಮರೇಶ.

"ನಿನಗ್ಯಾಕ ಖೋಲಿ? ಹದಿನಾಲ್ಕು ವರ್ಷಾತು ಕುರ್ಚಿ ಮ್ಯಾಲ ಮಲಗೂದು. ಮಂಚ ಕೊಟ್ರ ಬೆನ್ನು ನೋಯ್ತೈತಿ ನಿನಗ."

"ನಿನ್ನಂಗ ನಿಂತಲ್ಲೇ ನಿದ್ದಿ ಮಾಡಿ ರೊಟ್ಟಿ ಸುಡಂಗಿಲ್ಲ ಬಿಡವಾ ನಾ."

ನಕ್ಕರು, ಆಮೇಲೆ ಗುರುದೇವಿಯ ಮುಖ ನೋಡಿ ನಗು ನುಂಗಿದರು. ಅಲ್ಲಿಗೆ ಹೋಗಿ ಏನು ಮಾಡುವುದೆಂಬುದಕ್ಕೂ ಒಬ್ಬೊಬ್ಬರದು ಒಂದೊಂದು ಮಾತು. ಅಲ್ಲೇ ರೊಟ್ಟಿ ಮಾಡಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸುವುದೆಂದು ದುರ್ಗವ್ವ. ಹಬ್ಬಕ್ಕೆ ಹೋದಾಗ ಇಳಿಯಲು ಒಂದು ಜಾಗವೆಂದು ವೀರೇಶ. ಕೊನೆಗಾಲಕ್ಕೆಂದು ಶಿವಕ್ಕ. ದೇವೇಂದ್ರಪ್ಪ ಎಲ್ಲರ ಮಾತಿಗೂ ಹೌದು ಅಂದಿದ್ದ.

ದೊಡ್ಡಣ್ಣನನ್ನು ಕೊರೆಯುತ್ತಿದ್ದದ್ದು ಬೇರೆ. ಒಂಬತ್ತು ಹೆಸರನ್ನು ಅವನೇ ಬರೆದಿದ್ದ, ಅದರಲ್ಲಿ ಅವನದಿರಲಿಲ್ಲ. ಕೋಣೆ ಬೇಕೆಂದಲ್ಲ. ನರೇಬಾಳ ಯಾವ ದಿಕ್ಕಿಗಿದೆ ಎಂದೂ ಅವನಿಗೆ ಸರಿಯಾಗಿ ಗೊತ್ತಿಲ್ಲ. ಆದರೆ ಹತ್ತೊಂಬತ್ತು ವರ್ಷ, ವಾರಕ್ಕೆ ಆರು ಸಂಜೆ, ಒಂದಲ್ಲ ಒಂದು ದರ್ಶಿನಿಯಲ್ಲಿ ನಿಂತು ಬೈಟೂ ಕಾಫಿ ಕುಡಿದಿದ್ದರು. ತಂಗಿಯ ಗಂಡನ ಕಿಡ್ನಿ ಕಲ್ಲಿನಿಂದ ಹಿಡಿದು ಮೆಟ್ರೋ ಕಂಬದ ನಂಬರಿನ ತನಕ ದೇವೇಂದ್ರಪ್ಪ ಮಾತಾಡದ ವಿಷಯವಿಲ್ಲ. ಹದಿನಾರು ಅಂಕಣದ ಮನೆಯನ್ನು ಮಾತ್ರ ಲೋಟದ ಆಚೆಗೇ ಇಟ್ಟುಕೊಂಡಿದ್ದ.

ಒಂದು ಸಂಜೆ ಮಾತ್ರ ನೆನಪಾಗುತ್ತಿತ್ತು. "ದೊಡ್ಡಣ್ಣಾರ, ಒಂದು ಮನ್ಯಾಗ ಎಷ್ಟು ಮಂದಿ ಇದ್ರ ಛಲೋ?" ಎಂದು ಕೇಳಿದ್ದ. ದೊಡ್ಡಣ್ಣ ಪತ್ರಿಕೆಯಿಂದ ತಲೆ ಎತ್ತದೆ, "ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು ಕಣಯ್ಯ" ಅಂದಿದ್ದ. ದೇವೇಂದ್ರಪ್ಪ ನಕ್ಕಿದ್ದನೋ, ಬರೀ ಕಾಫಿ ಊದಿದ್ದನೋ. ಆ ಒಂದು ಉತ್ತರ ಅವನ ಬಾಯಿ ಕಟ್ಟಿತೇ? ಅಥವಾ ಆ ಪ್ರಶ್ನೆಗೂ ಮನೆಗೂ ಸಂಬಂಧವೇ ಇಲ್ಲವೇ? ಕೇಳೋಣವೆಂದರೆ ಹೇಳುವವನಿಲ್ಲ. ದೊಡ್ಡಣ್ಣ ಈ ಎರಡರ ನಡುವೆ ದಿನಕ್ಕೆ ಹತ್ತು ಸಲ ಓಡಾಡಿದ.

ಸ್ಪಂದನ ಅಪ್ಪನ ಫೋನಿನಲ್ಲಿದ್ದ ಮನೆಯ ಚಿತ್ರಗಳನ್ನು ತೋರಿಸಿದಳು. ಇಪ್ಪತ್ತಕ್ಕಿಂತ ಹೆಚ್ಚು. ಎಲ್ಲದರಲ್ಲೂ ದೇವೇಂದ್ರಪ್ಪನ ಹೆಬ್ಬೆರಳು ಅಡ್ಡ ಬಂದಿತ್ತು. ಬಾಗಿಲವಾಡದ ಅರ್ಧ, ಹೆಬ್ಬೆರಳು. ಬಾವಿಯ ಕಟ್ಟೆ, ಹೆಬ್ಬೆರಳು. ಉದ್ದನೆಯ ಪಡಸಾಲೆ ತುದಿ ಕಾಣದಷ್ಟು ದೂರ ಹೋಗಿತ್ತು, ತುದಿಯಲ್ಲಿ ಮತ್ತೆ ಅದೇ.

"ಅಪ್ಪಂಗೆ ಎಷ್ಟು ಸಲ ಹೇಳಿದೀನಿ, ಬೆರಳು ತೆಗಿ ಅಂತ" ಎಂದಳು ಸ್ಪಂದನ. "ನಂಗೂ ಹೇಳಿಲ್ಲ ಅಂಕಲ್. ನಂಗೂ ರೂಮಿಲ್ಲ."

ಗುರುದೇವಿ ಫೋನ್ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಮನೆಯನ್ನು ನೋಡಿದಳೋ ಹೆಬ್ಬೆರಳನ್ನು ನೋಡಿದಳೋ ಹೇಳುವಂತಿರಲಿಲ್ಲ. ಆಮೇಲೆ ಫೋನನ್ನು ಮಗಚಿಟ್ಟಳು.

"ನನಗ ಈ ಮನಿ ಬ್ಯಾಡ ಅಣ್ಣಾರ. ಹನ್ನೆರಡು ವರ್ಷ ನಾ ಇಲ್ಲಿ ಬೆನ್ನು ಮುರಕೊಂಡು ಈ ಒಲಿ ಹಚ್ಚೀನಿ. ಅಲ್ಲಿ ಒಂಬತ್ತು ಮಂದಿಗೆ ಖೋಲಿ ಕೊಟ್ಟು ಹೋದ, ನನಗ ಕೀಲಿಕೈ ಕೊಟ್ಟು ಹೋದ. ಇದು ಮನಿಯಲ್ಲ, ಛತ್ರ. ಅದರ ಕಸ ಹೊಡ್ಯಾಕ ನಾ ಹೋಗಂಗಿಲ್ಲ."

ದುರ್ಗವ್ವ ಒಲೆಗೆ ಬೆನ್ನು ಮಾಡಿ ಕಣ್ಣೊರೆಸಿಕೊಂಡಳು, ಹೊಗೆಯ ನೆಪ ಮಾಡಿ. ಮನೆ ಕೈಬಿಟ್ಟರೆ ಮುಂಗಡ ವಾಪಸ್ಸು ಬರುತ್ತದೆ ಎಂದು ಊರಿನಿಂದ ದಲ್ಲಾಳಿ ಫೋನಿನಲ್ಲಿ ಹೇಳಿದ್ದ. ಮಾರುವವರು ಒಳ್ಳೆಯ ಮಂದಿ, ಸಾವಿನ ಮನೆಯ ಹಣ ಇಟ್ಟುಕೊಳ್ಳುವವರಲ್ಲ. ಆದರೆ ಹೌದೋ ಅಲ್ಲವೋ, ಅದು ಕೈಯಲ್ಲಿ ಕೈಯಿಟ್ಟೇ ಆಗಬೇಕು. ಹಿಡಿದ ವ್ಯಾಪಾರವನ್ನು ಫೋನಿನಲ್ಲಿ ಬಿಡುವುದು ತನ್ನ ಪದ್ಧತಿಯಲ್ಲ, ಭಾನುವಾರ ತಾನೇ ಬರುತ್ತೇನೆ ಅಂದಿದ್ದ.

"ಹೆಂಗಸ್ರ ಕೈ ಹಿಡಿಯಂಗಿಲ್ಲ ಆತ" ಎಂದಳು ಗುರುದೇವಿ. "ನನ್ನ ಪರವಾಗಿ ನೀವು ಕೂಡ್ರಿ. ಕೈ ಹಿಂದ ಎಳದ್ರ ಮುಗೀತು. ಮಾತಾಡೂದೂ ಬ್ಯಾಡ."

"ಅಷ್ಟೇ ತಾನೇ? ಎಳೀತೀನಿ ಬಿಡಿ" ಎಂದ ದೊಡ್ಡಣ್ಣ.

ದಲ್ಲಾಳಿ ಫಕೀರೇಶ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದ. ಎಪ್ಪತ್ತರ ಹತ್ತಿರ ವಯಸ್ಸು, ಬಿಳಿ ಧೋತರ, ಹೆಗಲ ಮೇಲೆ ಕೆಂಪಂಚಿನ ಟವೆಲ್. ಮೊದಲು ಎರಡು ರೊಟ್ಟಿ, ಬದನೆಕಾಯಿ ಪಲ್ಯ ತಿಂದ. "ಕೈ ಛಲೋ ಐತಿ ತಂಗಿ" ಎಂದು ಒಳಗೆ ಕೂಗಿ ಹೇಳಿದ. ಆಮೇಲೆ ಬೆಂಚಿನ ಮೇಲೆ ದೊಡ್ಡಣ್ಣನ ಪಕ್ಕ ಸರಿದು ಕೂತ.

"ಎತ್ತಿನ ವ್ಯಾಪಾರ ಹೋತ್ರಿ. ಈಗ ಎಲ್ಲಾ ಟ್ರ್ಯಾಕ್ಟರ್. ಅದಕ್ಕ ನಾ ಮನಿಗೆ ಇಳದೀನಿ. ಮನಿಗೆ ಹಲ್ಲು ನೋಡೂ ಕೆಲಸಿಲ್ಲ ಒಂದು."

"ಅವನು ಆ ಮನೆ ಯಾಕೆ ತಗೊಂಡ, ನಿಮಗೇನಾದ್ರೂ ಗೊತ್ತಾ?"

ಫಕೀರೇಶ ಗದ್ದ ಕೆರೆದುಕೊಂಡ. "ನಾ ಕೇಳಂಗಿಲ್ರಿ. ಎತ್ತು ತಗೊಂಡಾಂವ ಹೊಲಾ ಹೂಡ್ತಾನೋ ಗಾಡಿ ಹೊಡೀತಾನೋ, ನನಗ್ಯಾಕ? ಆದ್ರ ಒಂದು ಹೇಳ್ತೀನಿ. ಮನಿ ನೋಡಾಕ ಬಂದಾವ್ರು ತೊಲಿ ನೋಡ್ತಾರ, ಗ್ವಾಡಿ ಬಡಿದು ನೋಡ್ತಾರ. ಈ ಮನಶಾ ಒಳಗ ಹೋಗಿ ಗೂಟ ಎಣಿಸಿದ."

"ಗೂಟ?"

"ಗ್ವಾಡಿಗೆ ಬಡಿದಿರ್ತಾರಲ್ರಿ, ಅಂಗಿ ಹಾಕಾಕ. ಖೋಲಿ ಖೋಲಿ ಅಡ್ಡ್ಯಾಡಿ ಎಣಿಸಿದ. ಹೊರಗ ಬಂದ, ಕೈ ಮುಂದ ಮಾಡಿದ. ಹಾಕ್ರಿ ಟವೆಲ್ ಅಂದ. ಮಾರಾವ್ರು ಹೇಳಿದ ರೇಟಿಗೆ ಮುಷ್ಟಿ ತುಂಬ ಹಿಡಿದ. ಚೌಕಾಸಿ ಇಲ್ಲ, ಏನಿಲ್ಲ. ನನಗ ನಾಚಿಕಿ ಆತು."

ಕೇಳಬಾರದೆಂದು ಬೆಳಗಿನಿಂದ ತಡೆದುಕೊಂಡಿದ್ದ ಮಾತು ದೊಡ್ಡಣ್ಣನ ಬಾಯಿಂದ ಹೊರಬಿತ್ತು. "ನನ್ನ ವಿಷಯ ಏನಾದ್ರೂ ಹೇಳಿದ್ನಾ? ದೊಡ್ಡಣ್ಣ ಅಂತ."

ಮುದುಕ ನಿಜವಾಗಿಯೂ ಯೋಚಿಸಿದ. ಕಣ್ಣು ಮುಚ್ಚಿ ಯೋಚಿಸಿದ. "ಇಲ್ರಿ. ಹೇಳ್ಯಾನ ಅಂದ್ರ ಸುಳ್ಳ ಆಕೈತಿ."

ಟವೆಲ್ ಬಿತ್ತು. ಅದರಡಿ ಫಕೀರೇಶನ ಕೈ ಬಂದು ದೊಡ್ಡಣ್ಣನ ಕೈಯನ್ನು ಹುಡುಕಿತು. ಒರಟು ಕೈ, ಬೆಚ್ಚಗಿತ್ತು. ಈಗ ಎಳೆಯಬೇಕು. ಎಳೆದರೆ ಮುಗಿಯಿತು.

ಸಾವಿನ ಮನೆಯಲ್ಲಿ ಜನ ಹೆಂಡತಿಯ ಕೈ ಹಿಡಿಯುತ್ತಾರೆ, ಮಗಳ ತಲೆ ಸವರುತ್ತಾರೆ. ಗೆಳೆಯನಾದವನು ಕುರ್ಚಿ ಜೋಡಿಸಬೇಕು, ಆಂಬುಲೆನ್ಸಿನವನಿಗೆ ದಾರಿ ಹೇಳಬೇಕು, ಹೂವಿನವನನ್ನು ಕಳಿಸಬೇಕು. ದೊಡ್ಡಣ್ಣ ಅದೆಲ್ಲವನ್ನೂ ಚೊಕ್ಕವಾಗಿ ಮಾಡಿದ್ದ. ಈ ಮೂರು ವಾರದಲ್ಲಿ ಅವನ ಕೈ ಹಿಡಿದ ಮೊದಲ ಮನುಷ್ಯ ಈ ದನದ ದಲ್ಲಾಳಿ. ಕೈ ಹಿಂದೆ ಬರಲಿಲ್ಲ. ಬರಲಿಲ್ಲ ಅಷ್ಟೇ ಅಲ್ಲ, ಅವನಿಗೆ ಗೊತ್ತಾಗದಂತೆಯೇ ಬೆರಳುಗಳು ಮಡಚಿಕೊಂಡವು, ಮುದುಕನ ಮುಷ್ಟಿಯನ್ನು ಬಿಗಿಯಾಗಿ ಹಿಡಿದವು.

"ಆತು!" ಎಂದ ಫಕೀರೇಶ, ರಸ್ತೆಗೆ ಕೇಳುವಂತೆ. "ಹೂಂ ಅಂದ್ರು! ಮನಿ ನಿಮ್ಮದಾತು!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಗುರುದೇವಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನಾ ಏನು ಹೇಳಿ ಕೂಡಿಸಿದ್ದೆ ನಿಮ್ಮನ್ನ?"

"ಬೇಡ ಅನ್ನಿ ಅಂತ."

"ನೀವೇನು ಮಾಡಿದ್ರಿ?"

"ಹಿಡ್ಕೊಂಡೆ."

"ಯಾಕ?"

ದೊಡ್ಡಣ್ಣ ತನ್ನ ಅಂಗೈ ನೋಡಿಕೊಂಡ. "ಗೊತ್ತಾಗ್ತಾ ಇಲ್ಲ ಗುರುದೇವಮ್ಮ. ನಿಜವಾಗ್ಲೂ ಗೊತ್ತಾಗ್ತಾ ಇಲ್ಲ. ತಪ್ಪಾಯ್ತು. ಇವರಿಗೆ ಇಲ್ಲ ಅಂತ ನಾನೇ ಹೇಳ್ತೀನಿ..."

"ಹಿಡಿದ ಮ್ಯಾಲ ಬಾಯಿ ಮಾತು ನಡಿಯಂಗಿಲ್ರಿ" ಎಂದ ಫಕೀರೇಶ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳಲು ಹೊರಟ. "ಸಹಿ ಮಾಡಾವರು ಅವರು, ಅದು ಖರೆ. ಆದ್ರ ನನ್ನ ಪಾಲಿಗೆ ವ್ಯಾಪಾರ ಆತು."

ಗುರುದೇವಿ ದೊಡ್ಡಣ್ಣನನ್ನು ಬಿಟ್ಟು ಮುದುಕನ ಕಡೆ ತಿರುಗಿದಳು. ಅವನು ಹೇಳಿದ್ದೆಲ್ಲ ಒಳಗೆ ಅವಳಿಗೆ ಕೇಳಿಸಿತ್ತು. "ಎಷ್ಟು ಗೂಟ ಎಣಿಸಿದ ಆತ?"

"ನಲವತ್ತೊಂದ್ರಿ."

"ನಲವತ್ತೊಂದು" ಎಂದಳು ಅವಳು. ಸುಂಕದಕಟ್ಟೆಯ ಮನೆಯಲ್ಲಿ ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ. ಮೂವರ ಬಟ್ಟೆಯೂ ಬಾಗಿಲ ಹಿಂದಿನ ಒಂದೇ ಕೊಕ್ಕೆಗೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. "ಹಾಕ್ರಿ ಟವೆಲ್."

ಫಕೀರೇಶ ಬೆಂಚಿನಿಂದ ಅರ್ಧ ಎದ್ದ. "ಏ ತಂಗಿ, ಹೆಣ್ಮಕ್ಕಳು..."

"ನಮ್ಮಪ್ಪ ಹೋರಿ ಮಾರಾಂವ. ಲೆಕ್ಕ ನಾ ಶಾಲ್ಯಾಗ ಕಲಿತಿಲ್ಲ, ಅವನ ಬೆರಳಿನ್ಯಾಗ ಕಲಿತೀನಿ. ಚೌಕಾಸಿ ಇಲ್ಲದ ವ್ಯಾಪಾರ ನನಗ ನಡಿಯಂಗಿಲ್ಲ. ಹಾಕ್ರಿ."

ದುರ್ಗವ್ವ ಬಾಗಿಲಿಗೆ ಬಂದು ನಿಂತಳು. ತಟ್ಟೆ ಹಿಡಿದು ತಿನ್ನುತ್ತಿದ್ದ ಇಬ್ಬರು ಹುಡುಗರು ಅಗಿಯುವುದನ್ನು ಬಿಟ್ಟು ನೋಡಿದರು. ಮುದುಕ ಅತ್ತ ಇತ್ತ ನೋಡಿ, ಬೇರೆ ದಾರಿ ಕಾಣದೆ, ಟವೆಲ್ ಹೊದಿಸಿದ. ಟವೆಲ್ ಅಲುಗಾಡಿತು. ನಿಂತಿತು. ಮತ್ತೆ ಅಲುಗಾಡಿತು. ಫಕೀರೇಶ ಒಮ್ಮೆ ಇಲ್ಲವೆಂದು ತಲೆಯಾಡಿಸಿದ, ಇನ್ನೊಮ್ಮೆ "ಅಷ್ಟು ಕಮ್ಮಿಗೆ ಹೆಂಗ ತಂಗಿ, ಮಾರಾವ್ರು ಒಪ್ಪಬೇಕಲ್ಲ" ಎಂದು ಗೊಣಗಿ ನಾಲಗೆ ಕಚ್ಚಿಕೊಂಡ. ಅವನ ಕಿವಿಯ ತುದಿ ಕೆಂಪಾಗಿತ್ತು. ಗುರುದೇವಿಯ ಮುಖದಲ್ಲಿ ಏನೂ ಇರಲಿಲ್ಲ, ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ನೋಡುವಾಗಿನ ಮುಖ. ಕಡೆಗೆ ಮುದುಕ ದೊಡ್ಡದಾಗಿ ಉಸಿರು ಬಿಟ್ಟು ಮುಷ್ಟಿ ತುಂಬ ಹಿಡಿದ.

ಅವಳು ಕೈ ಹೊರತೆಗೆದಳು. "ಗುರುವಾರ ರಜಿಸ್ಟ್ರಿಗೆ ಬರ್ತೀನಿ. ಮನಿ ನನ್ನ ಹೆಸರಿಗೆ. ಅಂಗಡಿ ಇಲ್ಲೇ ಇರತೈತಿ, ನಾನೂ ಇಲ್ಲೇ ಇರ್ತೀನಿ. ದುರ್ಗವ್ವಾ, ಯಾರಿಗೆ ಯಾವ ಖೋಲಿ ಅಂತ ನಾ ಹೇಳೂತನಕ ಯಾರೂ ಕೇಳೂದಲ್ಲ. ಸತ್ತಾಂವ ಹೇಳಿದ್ದ ಅಂತ ನನ್ನ ಮುಂದ ಬರಬ್ಯಾಡ್ರಿ."

"ಇಲ್ರಿ ಅಕ್ಕಾರ" ಎಂದಳು ದುರ್ಗವ್ವ, ಒಮ್ಮೆಗೇ ಅಳುತ್ತ, ನಗುತ್ತ.

ಫಕೀರೇಶ ಹೊರಟುಹೋದ ಮೇಲೆ ದೊಡ್ಡಣ್ಣ ಒಳಗೆ ಹೋದ. ಗುರುದೇವಿ ಆಗಲೇ ಹಿಟ್ಟಿಗೆ ಬಿಸಿನೀರು ಹಾಕುತ್ತಿದ್ದಳು.

"ನಾನು ಮಾಡಿದ್ದು ಸರಿಯೋ ತಪ್ಪೋ, ಅದನ್ನಾದ್ರೂ ಹೇಳಿ."

"ನನಗೇನು ಗೊತ್ತು ಅಣ್ಣಾರ? ಮನಿ ನಾನೂ ನೋಡಿಲ್ಲ."

"ಟವೆಲ್ ಕೆಳಗೆ ಏನು ಮಾತಾಡಿದ್ರಿ?"

ಅವಳು ನಾದುವುದನ್ನು ನಿಲ್ಲಿಸಿದಳು. "ನಿಮ್ಮ ಗೆಳ್ಯಾ ಈ ಮನಿ ಸುದ್ದಿ ನಿಮಗ ಹೇಳಿದ್ನೇನು?"

"ಇಲ್ಲ."

"ನನಗೂ ಹೇಳಲಿಲ್ಲ. ಹಂಗಾದ್ರ ನಾನೂ ಹೇಳಂಗಿಲ್ಲ."

ಹೇಳಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಹೊರಗೆ ಯಾರೋ "ಅಣ್ಣಾ, ಎರಡು ಊಟ" ಎಂದು ಕೂಗಿದರು. ಆ ಕೂಗಿಗೆ ಏಳುತ್ತಿದ್ದವನು ದೇವೇಂದ್ರಪ್ಪ. ಒಂದು ಗಳಿಗೆ ಯಾರೂ ಏಳಲಿಲ್ಲ. ಆಮೇಲೆ ದೊಡ್ಡಣ್ಣ ಎರಡು ತಟ್ಟೆ ತೆಗೆದುಕೊಂಡು, ಎಷ್ಟು ರೊಟ್ಟಿ ಇಡಬೇಕೆಂದು ತಿಳಿಯದೆ, ದುರ್ಗವ್ವನ ಮುಖ ನೋಡುತ್ತ ನಿಂತ.